ಕಳೆಯದೆ ಬಿಟ್ಟ ಅಂಕಗಳು

ನನಗೆ ವಹಿಸಿದ್ದು ಒಂದೇ ಕೆಲಸ, ಕಳೆಯುವುದು. ಅದನ್ನೇ ನಾನು ಮಾಡಲಿಲ್ಲ. ಕೂಡಿಸುವುದನ್ನು ಮಾತ್ರ ಬಹಳ ಉತ್ಸಾಹದಿಂದ ಮಾಡಿದೆ.

ತಂಗಿ ಸುಮಾ ಡಾಕ್ಟರಾಗಲು ಹೊರಟವಳು. ನಾನು ಒಂಬತ್ತನೆಯ ತರಗತಿಗೇ ಶಾಲೆಗೆ ಕೈಮುಗಿದು, ವಡೋದರಾದ ಮಂಜಲ್‌ಪುರದಲ್ಲಿರುವ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತವನು. ಭಾನುವಾರ ಮಧ್ಯಾಹ್ನ ಗಿರಾಕಿ ಕಡಿಮೆ. ಆಗ ಅವಳು ಮೂಲೆಯ ಟೇಬಲ್ಲಿನಲ್ಲಿ ನೀಟ್‌ನ ಮಾದರಿ ಪರೀಕ್ಷೆ ಬರೆಯುತ್ತಿದ್ದಳು.

"ನಾನೇ ತಿದ್ದಿದ್ರೆ ನನಗೇ ದಯೆ ಬರ್ತದೆ ಅಣ್ಣ. ನೀನು ತಿದ್ದು. ಸರಿಗೆ ನಾಲ್ಕು ಹಾಕು, ತಪ್ಪಿಗೆ ಒಂದು ಕಳಿ" ಎಂದಳು. ದಯೆಯಿಲ್ಲದ ಮನುಷ್ಯ ಬೇಕಾದಾಗ ಅವಳಿಗೆ ನಾನೇ ಯಾಕೆ ಹೊಳೆದೆನೋ!

ತಿದ್ದಲು ಜೀವಶಾಸ್ತ್ರ ಬರಬೇಕಿಲ್ಲ. ಉತ್ತರದ ಹಾಳೆಯಲ್ಲಿ ಅವಳು ಕಪ್ಪು ಮಾಡಿದ ಸೊನ್ನೆಗಳನ್ನು ಸರಿಯುತ್ತರದ ಹಾಳೆಯ ಪಕ್ಕ ಹಿಡಿದರೆ ಸಾಕು. ಆದರೆ ಕಳೆಯುವ ಲೆಕ್ಕ ನನಗೆ ಒಗ್ಗಲಿಲ್ಲ. ದೋಸೆ ಸೀದರೆ ಎಸೆಯುತ್ತೇವೆ. ಅದಕ್ಕಾಗಿ ಭಟ್ಟರು ಆಗಲೇ ಹೊಯ್ದಿಟ್ಟ ಒಳ್ಳೆಯ ದೋಸೆಯನ್ನೂ ಎಸೆಯುವ ಪದ್ಧತಿ ಯಾವ ಹೋಟೆಲಿನಲ್ಲಿದೆ, ನೀವೇ ಹೇಳಿ. ಸಾಲದ್ದಕ್ಕೆ, ಈ ಊರಿನ ನಾಲಿಗೆಗಾಗಿ ನಾವು ಸಾಂಬಾರಿಗೆ ಬೆಲ್ಲ ಸುರಿಯುವವರು. ಕುಂದಾಪುರದಿಂದ ಬಂದ ಅತ್ತೆ ಒಂದು ಚಮಚ ಬಾಯಿಗಿಟ್ಟು, "ಪಾಯಸ ಆಯ್ತು, ಇನ್ನು ಸಾಂಬಾರು ಬಡಿಸು" ಎಂದಿದ್ದರು. ದಿನವೂ ಸಿಹಿ ಬೆರೆಸುವ ಕೈ, ಮಾರ್ಕಿಗೂ ಬೆರೆಸಿತು.

ಮಾರ್ಕು ಏರಿತು. ಅದರ ಜೊತೆ ಸುಮಾಳ ಧೈರ್ಯವೂ ಏರಿತು. ಗೊತ್ತಿಲ್ಲದ್ದನ್ನು ಮೊದಲೆಲ್ಲ ಬಿಡುತ್ತಿದ್ದವಳು ಈಗ ಊಹೆಯ ಮೇಲೆ ಎಲ್ಲ ಸೊನ್ನೆಗಳನ್ನೂ ತುಂಬತೊಡಗಿದಳು. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ಪಕ್ಕದ ಬಟ್ಟೆಯಂಗಡಿಯ ಕಾಕಾ ಚಹಾ ಕುಡಿಯಲು ಬಂದಾಗ "ಡಾಕ್ಟರ್ ಬೆನ್!" ಎಂದು, ಅಂದರೆ ಗುಜರಾತಿಯಲ್ಲಿ ಡಾಕ್ಟರಕ್ಕ ಎಂದು ಕರೆದು ಅವಳ ಮುಂದೆ ನಾಲಿಗೆ ಚಾಚಿ ನಿಲ್ಲುತ್ತಿದ್ದರು.

ಆಮೇಲೆ ಬಂತು ಕೋಚಿಂಗ್ ಕ್ಲಾಸಿನ ಮಾದರಿ ಪರೀಕ್ಷೆ. ಅಲ್ಲಿ ತಿದ್ದುವುದು ಯಂತ್ರ. ಅದು ಯಾರಿಗೂ ಅಣ್ಣನಲ್ಲ.

ಸುಮಾ ಮೂಲೆಯ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತಳು. "ಮಾರ್ಕು ತೀರಾ ಇಳಿದಿದೆ. ನನ್ನ ತಲೆಯೇ ಕೆಟ್ಟುಹೋಯ್ತು ಅಣ್ಣ. ನಾನು ನೀಟ್‌ಗೆ ಹೋಗೋದೇ ಇಲ್ಲ." ನಿಜವಾದ ಪರೀಕ್ಷೆ ಮುಂದಿನ ತಿಂಗಳು. ನಾನು ಆಗಲೇ ಒರೆಸಿದ್ದ ಪಕ್ಕದ ಟೇಬಲ್ಲನ್ನು ಮತ್ತೆ ಮತ್ತೆ ಒರೆಸಿದೆ. ಕೊನೆಗೆ ಒರೆಸಲು ಏನೂ ಉಳಿಯಲಿಲ್ಲ.

"ತಲೆ ಸರಿಯಾಗಿಯೇ ಇದೆ. ನಾನು ಕಳೆಯಲೇ ಇಲ್ಲ."

"ಒಂದೂ?"

"ಪಾಪ ಅನ್ನಿಸ್ತಿತ್ತು."

ಅವಳು ಸ್ಟೀಲ್ ಲೋಟ ಎತ್ತಿದಳು. ನಾನು ತಲೆ ತಗ್ಗಿಸಿದೆ. ಅವಳು ನೀರು ಕುಡಿದಳು. ಹಳೆಯ ಹಾಳೆಗಳನ್ನೆಲ್ಲ ತಂದು ನನ್ನೆದುರು ಹಾಕಿ, "ಕೂತು ಕಳಿ" ಎಂದಳು. ಕಳೆದೆ. ಎಲ್ಲೆಲ್ಲಿ ಊಹಿಸಿ ಕೆಟ್ಟಳೋ ಅಲ್ಲೆಲ್ಲ ಅವಳು ಕೆಂಪು ಗುರುತು ಹಾಕುತ್ತ ಹೋದಳು. ಕಣ್ಣೀರು ಯಾವಾಗಲೋ ಒಣಗಿತ್ತು. ಸಿಹಿ ಬೆರೆಸಿ ಇಷ್ಟು ದಿನ ನನ್ನಿಂದ ಮಾಡಲಾಗದ ಉಪಕಾರವನ್ನು, ಕಳೆಯುವ ಲೆಕ್ಕ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿತು.

"ಇನ್ನೊಂದು ತಪ್ಪು ಬಾಕಿ ಇದೆ" ಎಂದಳು, ನನ್ನನ್ನೇ ನೋಡುತ್ತ.

ಅಡುಗೆಮನೆಯಿಂದ ಭಟ್ಟರೂ ಇಣುಕಿದರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

"ತಪ್ಪಾಯ್ತು ಮಾರಾಯ್ತಿ."