ವೇಲ್ಸಿನ ಪಬ್ಬಿನಲ್ಲಿ ಟೀ ಕುಡಿದದ್ದು

ಕುರಿ ಸಾಕಣೆಯ ತರಬೇತಿಗೆಂದು ನನ್ನನ್ನು ವೇಲ್ಸಿಗೆ ಕಳಿಸಿದಾಗ ನಾನು ಜಾವಗಲ್ಲಿನಲ್ಲಿ ಪಶುವೈದ್ಯನಾಗಿದ್ದೆ. ನಾಲ್ಕು ವಾರದ ತರಬೇತಿ. ಉಳಿದುಕೊಂಡದ್ದು ಒಂದು ಹಳ್ಳಿಯ ಕುರಿ ರೈತರ ಮನೆಯಲ್ಲಿ. ಎಪ್ಪತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ. ಮೊದಲ ಮೂರು ದಿನ ಕುರಿಯ ಗೊರಸಿನ ವಿಷಯ ಬಿಟ್ಟು ನಮ್ಮ ನಡುವೆ ಬೇರೆ ಮಾತೇ ನಡೆಯಲಿಲ್ಲ. ಶುಕ್ರವಾರ ಸಂಜೆ ಅವರು ಬೂಟು ಬದಲಿಸಿಕೊಂಡು ಬಂದು, "ಪಬ್ಬಿಗೆ ಹೋಗೋಣ" ಎಂದರು.

ನಾನು ಕುಡಿಯುವವನಲ್ಲ. ನಮ್ಮದು ಬೌದ್ಧರ ಮನೆ. ಪಂಚಶೀಲದಲ್ಲಿ ಕುಡಿಯಬಾರದೆಂಬ ಐದನೆಯದನ್ನು ಅಪ್ಪ ಉಳಿದ ನಾಲ್ಕಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸಾಲದ್ದಕ್ಕೆ ನಮ್ಮ ಕಡೆ ಬಾರಿನ ಮುಂದೆ ಸರ್ಕಾರಿ ನೌಕರನ ಬೈಕು ಐದು ನಿಮಿಷ ನಿಂತರೆ, ಪಂಕ್ಚರ್ ಆಗಿತ್ತು ಎಂದರೂ ಯಾರೂ ನಂಬುವುದಿಲ್ಲ. ನನ್ನದು ಒಮ್ಮೆ ನಿಜವಾಗಿಯೂ ಪಂಕ್ಚರ್ ಆಗಿತ್ತು.

ಇದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸುವುದಕ್ಕಿಂತ ಹೋಗಿಬಿಡುವುದೇ ಸುಲಭ ಅನ್ನಿಸಿತು.

ಹಳೆಯ ಕಲ್ಲಿನ ಮನೆ, ತಗ್ಗು ಬಾಗಿಲು. ತಲೆ ಬಗ್ಗಿಸಿಕೊಂಡೇ ಒಳಗೆ ಹೋದೆ, ಆದರೂ ತೊಲೆಗೆ ಬಡಿಯಿತು. ಒಳಗಿದ್ದ ಎಂಟು ಹತ್ತು ಜನ ತಿರುಗಿ ನೋಡಿ, ಇದು ಮಾಮೂಲು ಎಂಬಂತೆ ಮತ್ತೆ ಮಾತಿಗೆ ತೊಡಗಿದರು. ಒಲೆಯಲ್ಲಿ ಸೌದೆ ಉರಿಯುತ್ತಿತ್ತು. ಒಬ್ಬ ಅಜ್ಜಿ ಬಿಯರನ್ನು ಪಕ್ಕಕ್ಕಿಟ್ಟುಕೊಂಡು ಸ್ವೆಟರ್ ಹೆಣೆಯುತ್ತಿದ್ದರು. ಒಂದು ನಾಯಿ ಕುರ್ಚಿಯ ಮೇಲೆ ಮಲಗಿತ್ತು. ಅದರ ಯಜಮಾನ ನಿಂತಿದ್ದ.

ಪಬ್ಬು ನಡೆಸುತ್ತಿದ್ದವರು ನನ್ನ ಅಮ್ಮನ ವಯಸ್ಸಿನ ಹೆಂಗಸು. "ಏನು ಕೊಡಲಿ?" ಎಂದು ಕೇಳಿದರು.

"ಟೀ ಸಿಗುತ್ತದೆಯೇ?"

ನನ್ನನ್ನು ಕರೆತಂದ ರೈತರು ಗೋಡೆಯ ಕಡೆ ನೋಡಿದರು. ಆಕೆ ಒಳಗೆ ಹೋಗಿ ಟೀ ಮಾಡಿಕೊಂಡು ಬಂದರು. ಗೋಡೆಯ ಗೂಟಗಳಲ್ಲಿ ದಿನಾ ಬರುವವರ ಹಿಡಿಕೆಯ ಲೋಟಗಳು ಸಾಲಾಗಿ ನೇತಾಡುತ್ತಿದ್ದವು. ಕೊನೆಯದನ್ನು ತೆಗೆದು, ಒರೆಸಿ, ಅದಕ್ಕೆ ಟೀ ಬಗ್ಗಿಸಿದರು.

"ಇದು ನನ್ನ ಗಂಡನದು. ಅವರು ಹೋಗಿ ಆರು ವರ್ಷವಾಯಿತು. ಕಡೆಕಡೆಗೆ ಅವರೂ ಟೀನೇ ಕುಡಿಯುತ್ತಿದ್ದರು. ಡಾಕ್ಟರು ಹೇಳಿದ್ದರು."

ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. "ಸಕ್ಕರೆ ಇದೆಯೇ?" ಎಂದೆ.

ಅವರೆಲ್ಲ ತಮ್ಮೊಳಗೆ ಆಡುತ್ತಿದ್ದದ್ದು ವೆಲ್ಷ್ ಭಾಷೆ. ಸ್ವಲ್ಪ ಹೊತ್ತಿನ ಮೇಲೆ ನಾಯಿಯ ಯಜಮಾನ ನನ್ನ ಕಡೆ ತಿರುಗಿ, "ನಿಮ್ಮ ಮನೆಯಲ್ಲೂ ಇಂಗ್ಲಿಷೇನಾ?" ಎಂದು ಕೇಳಿದ. ಇಲ್ಲ, ಕನ್ನಡ ಎಂದೆ. "ಎಲ್ಲಿ, ಸ್ವಲ್ಪ ಮಾತಾಡಿ, ಕೇಳೋಣ."

ಎಲ್ಲರೂ ಸುಮ್ಮನಾದರು. ಬೇಲೂರು ಹಳೇಬೀಡಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬಹುದಿತ್ತು. ನನ್ನ ಬಾಯಿಗೆ ಬಂದದ್ದು ಆಸ್ಪತ್ರೆಯಲ್ಲಿ ದಿನಾ ಹೇಳುವ ಮಾತು: "ಕುರಿ ಕತ್ತು ಜಾಸ್ತಿ ಮ್ಯಾಲಕ್ಕೆ ಎತ್ತಬ್ಯಾಡಿ ಕಣಣ್ಣ, ಔಷ್ದಿ ಉಸ್ರಿಗೆ ಹೋಯ್ತದೆ. ಬಾಯಿ ಪಕ್ಕದಿಂದ ಬಿಡಿ. ನುಂಗ್ಲಿ, ನಿಧಾನ." ಹೇಳುತ್ತಾ ಕೈ ತಾನಾಗಿಯೇ ಕುರಿಯ ದವಡೆ ಹಿಡಿದು ತೋರಿಸಿತು.

"ಜಂತಿನ ಔಷಧಿ!" ಎಂದು ಸ್ವೆಟರ್ ಹೆಣೆಯುತ್ತಿದ್ದ ಅಜ್ಜಿ ಇಂಗ್ಲಿಷಿನಲ್ಲಿ ಕೂಗಿದರು.

ಅಲ್ಲಿಂದ ದವಡೆಯನ್ನು ಎಡಗೈಯಲ್ಲಿ ಹಿಡಿಯಬೇಕೋ ಬಲಗೈಯಲ್ಲೋ ಎಂದು ಜಗಳ ಹತ್ತಿತು. ಅವರದು ವೆಲ್ಷ್, ನನ್ನದು ಕನ್ನಡ. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಕೊನೆಗೆ ಮಲಗಿದ್ದ ನಾಯಿಯನ್ನು ಎಬ್ಬಿಸಿ ಅದರ ಮೇಲೆ ಪ್ರಯೋಗ ಮಾಡಿ ನೋಡಿದರು. ನಾಯಿ ಇದಕ್ಕೆಲ್ಲ ಒಗ್ಗಿಹೋದಂತಿತ್ತು.

ಆಮೇಲಿನ ಮೂರು ಶುಕ್ರವಾರವೂ ಹೋದೆ. ಕೇಳುವ ಮೊದಲೇ ಆಕೆ ಅದೇ ಲೋಟದಲ್ಲಿ ಟೀ ತಂದಿಡುತ್ತಿದ್ದರು. ಕಡೆಯ ದಿನ ಅದನ್ನು ತೊಳೆದು ಗೂಟಕ್ಕೆ ಹಾಕಿ, "ಇಲ್ಲೇ ಇರುತ್ತದೆ, ಬಂದಾಗ ಕೇಳಿ" ಎಂದರು.

ಊರಿಗೆ ಬಂದು ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಹೆಂಡದಂಗಡಿಯ ಬಗ್ಗೆ ಏನಾದರೂ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಪೇಪರನ್ನು ಮಡಿಚಿಟ್ಟು ಕೇಳಿದ್ದು ಬೇರೆ.

"ಲೋಟ ತೊಳೆದೋರು ಯಾರು?"

"ಆಯಮ್ಮನೇ."

ಅಪ್ಪ ಆಗ, ನನಗೆ ಅದುವರೆಗೆ ಹೇಳಿರದ ಒಂದು ಮಾತು ಹೇಳಿದರು. ಚಿಕ್ಕವರಿದ್ದಾಗ ತಾತನ ಜೊತೆ ಸಂತೆಗೆ ಹೋದರೆ, ಹೋಟೆಲಿನ ಹೊರಗೆ ಸೂರಿನ ಸಂದಿಯಲ್ಲಿ ಒಳಗೆ ಬಿಡದ ನಮ್ಮ ಕೇರಿಯವರಿಗೆಂದೇ ಎರಡು ಲೋಟ ಸಿಕ್ಕಿಸಿರುತ್ತಿದ್ದರಂತೆ. ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು.

"ತೊಳೆಯೋ ಕೆಲ್ಸ ನಂದು. ಅದನ್ನ ಆಟ ಅಂದ್ಕೊಂಡಿದ್ದೆ ಕಣೋ. ಬೂದಿ ಹಾಕಿ ಫಳಫಳ ಅನ್ನಂಗೆ ಉಜ್ತಿದ್ದೆ. ನಿಮ್ ತಾತ ಮಾತ್ರ ಆ ಕಡೆ ತಿರುಗಿ ನಿಂತಿರೋರು."

ಆಮೇಲೆ ಪೇಪರನ್ನು ಮತ್ತೆ ಕೈಗೆತ್ತಿಕೊಂಡು ಅಪ್ಪನೇ ಕೇಳಿದರು.

"ಆಯಮ್ಮಂಗೆ ಕಾಗ್ದ ಬರ್ದ್ಯಾ?"

"ಇಲ್ಲ."

"ಬರಿ."

ಬರೆದೆ. ಅಪ್ಪ ಓದಿ, ಎರಡು ಕಡೆ ಇಂಗ್ಲಿಷ್ ತಿದ್ದಿ, ಮತ್ತೊಮ್ಮೆ ಶುದ್ಧವಾಗಿ ಬರೆಸಿದರು. ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ ಅಂಚೆಗೆ ಹಾಕಿ ಬಂದರು. ಜಾವಗಲ್ಲಿನಲ್ಲೂ ಅಂಚೆ ಕಚೇರಿ ಇದೆ, ನಮ್ಮ ಮನೆಯ ಹತ್ತಿರವೇ.