ಶೇಖರ ಮೇಸ್ತ್ರಿಯ ದೃಷ್ಟಿಬೊಂಬೆಗಳು

ಕಟ್ಟುತ್ತಿರುವ ಮನೆಗೆ ದೃಷ್ಟಿ ತಾಗದಿರಲಿ ಎಂದು ಎಲ್ಲ ಮೇಸ್ತ್ರಿಗಳೂ ಒಂದು ಬೈಹುಲ್ಲಿನ ಬೊಂಬೆ ತೂಗುಹಾಕುತ್ತಾರೆ. ಹಿರಿಯಡ್ಕದ ಶೇಖರ ಮೇಸ್ತ್ರಿಯ ಬೊಂಬೆಗೆ ಮಾತ್ರ ಯಾವಾಗಲೂ ಗುರುತಿನವರ ಮುಖ. ಆ ಕೆಲಸದಲ್ಲಿ ಅವನಿಗೆ ಯಾರು ಹೆಚ್ಚು ಉಪದ್ರ ಕೊಟ್ಟರೋ ಅವರೇ ನೇತಾಡುವುದು. ಕಟಪಾಡಿಯಲ್ಲಿ ಒಂದೇ ಬಾಗಿಲನ್ನು ಮೂರು ಸಲ ಒಡೆಸಿದ ವಾಸ್ತು ಪಂಡಿತರು ಕುಂಕುಮ ಸಮೇತ ನೇತಾಡಿದ್ದರು. ಪರ್ಕಳದಲ್ಲಿ ಬಾಡಿಗೆಗೆಂದು ಅವನಿಂದ ಎರಡು ಕೋಣೆ ಕಟ್ಟಿಸಲು ಹೊರಟ ನಾನು ನಿವೃತ್ತ ಮಾಸ್ಟ್ರು. ಮಾಡಲು ಬೇರೆ ಕೆಲಸವಿಲ್ಲ. ದಿನಕ್ಕೆ ನಾಲ್ಕು ಸಲ ಹೋಗಿ ಸಿಮೆಂಟು ಹೆಚ್ಚಾಯಿತಲ್ಲವೇ ಎಂದು ಕೇಳಿದ್ದಕ್ಕೆ ಮೂರನೆಯ ದಿನವೇ ನನ್ನಂತೆಯೇ ಹೊಟ್ಟೆ ಬಂದ ಬೊಂಬೆ ಸಿದ್ಧವಾಯಿತು. ನನ್ನ ಹೆಂಡತಿ ಪ್ರಭಾವತಿ ಅದರ ಫೋಟೊ ತೆಗೆದು ತವರಿಗೆಲ್ಲ ಕಳಿಸಿದಳು.

ಶೇಖರನಿಗೆ ಅಹಂಕಾರ ಮೈತುಂಬ, ಕೈಯೂ ಅದಕ್ಕೆ ತಕ್ಕದ್ದೇ. ಅವನು ಕೆತ್ತಿ ಕೂರಿಸಿದ ಕೆಂಪುಕಲ್ಲಿಗೆ ಸಿಮೆಂಟಿನ ಸಾರಣೆ ಬೇಕಿರಲಿಲ್ಲ. ಡಾಕ್ಟರ ತಪ್ಪನ್ನು ಮಣ್ಣು ಮುಚ್ಚುತ್ತದೆ, ಮೇಸ್ತ್ರಿಯ ತಪ್ಪನ್ನು ಸಾರಣೆ ಮುಚ್ಚುತ್ತದೆ ಎನ್ನುತ್ತಿದ್ದ.

ಎರಡನೆಯ ಕೋಣೆಯ ಗೋಡೆ ಎದೆಮಟ್ಟ ಬಂದಾಗ, ಅವನಿಗೆ ಕಲ್ಲು ಎತ್ತಿಕೊಡುವ ಹೆಂಡತಿ ವಿನೋದಾ ದಾರಕ್ಕೆ ಕಟ್ಟಿದ ತೂಗುಗುಂಡನ್ನು ಇಳಿಬಿಟ್ಟು ನೋಡಿದಳು. ಗೋಡೆ ಒಂದು ಬೆರಳಿನಷ್ಟು ಹೊರಗೆ ವಾಲಿತ್ತು. ಶೇಖರ ಮೊದಲು ಗಾಳಿಯನ್ನು ಬೈದ, ಆಮೇಲೆ ನನ್ನನ್ನು.

"ದಾರ ನಿಮಗೆ ಕಾಣ್ತದಾ?" ಎಂದು ವಿನೋದಾ ಮೆಲ್ಲಗೆ ಕೇಳಿದಳು.

ಅವನು ಗೋಡೆಯ ಕಲ್ಲನ್ನು ಕೈಯಿಂದ ತಡವಿ ನೋಡಿದ. ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣು ಕಾಣದವನನ್ನು ಯಾರೂ ಮೇಸ್ತ್ರಿ ಎಂದು ಕರೆಯುವುದಿಲ್ಲವೆಂದು ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ. ನನಗೆ ಪಾಪ ಅನಿಸಿತು. ಸಿಮೆಂಟಿನ ಚಿಂತೆಯೂ ಇತ್ತು, ಸುಳ್ಳೇಕೆ. ಒಂದು ಬೆರಳು ತಾನೇ, ಸಾರಣೆ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದೆ. ಶೇಖರ ಊಟದ ಎಲೆಗೆ ಉಗುಳಿದವನನ್ನು ನೋಡುವಂತೆ ನನ್ನನ್ನು ನೋಡಿ, ಹಾರೆ ತೆಗೆದುಕೊಂಡು ಇಡೀ ಗೋಡೆಯನ್ನು ಕೆಡವಿಬಿಟ್ಟ.

ಮರುದಿನ ಬೆಳಿಗ್ಗೆ ಪ್ರಭಾವತಿಯೊಂದಿಗೆ ಹೋದಾಗ ನನ್ನ ಬೊಂಬೆ ಇರಲಿಲ್ಲ. ಅಲ್ಲಿ ಬೇರೊಂದು ತೂಗುತ್ತಿತ್ತು: ಮೊಣಕಾಲಿಗೆ ಕಟ್ಟಿದ ಲುಂಗಿ, ತಲೆಗೆ ಶೇಖರನದೇ ಮುಂಡಾಸು, ಕಣ್ಣಿನ ಜಾಗದಲ್ಲಿ ಎರಡು ಮುದ್ದೆ ಸುಣ್ಣ. ಅದರ ಕೆಳಗೆ ಗೋಡೆ ಮತ್ತೆ ಏಳುತ್ತಿತ್ತು. ಗೋಡೆ ಮುಗಿದ ಕೂಡಲೇ ಕಣ್ಣಿನ ಆಪರೇಷನ್ ಎಂದು ವಿನೋದಾ ತೀರ್ಮಾನಿಸಿದ್ದಳಂತೆ. ಅವಳು ದಾರ ಹಿಡಿದು ಒಳಗೆ, ಇನ್ನೂ ಒಳಗೆ ಎನ್ನುತ್ತಿದ್ದಳು. ಯಾರ ಮಾತನ್ನೂ ಕೇಳದ ಶೇಖರ ಅವಳು ಹೇಳಿದಷ್ಟೇ ಕಲ್ಲನ್ನು ತಟ್ಟುತ್ತಿದ್ದ.

ನಾನು ಬೊಂಬೆ ನೋಡುತ್ತಿರುವುದು ಅವನಿಗೆ ಹೇಗೋ ತಿಳಿಯಿತು. ತಿರುಗದೆಯೇ ಹೇಳಿದ: "ಎಂತ ಮಾಡುವುದು ಮಾಸ್ಟ್ರೆ, ಈ ಕೆಲಸದಲ್ಲಿ ಹೆಚ್ಚು ಉಪದ್ರ ಕೊಟ್ಟದ್ದು ನಾನೇ ಅಲ್ವಾ."

ಫೋಟೊ ತೆಗೆಯಲು ಫೋನು ಎತ್ತಿದ್ದ ಪ್ರಭಾವತಿ ಅದನ್ನು ಸುಮ್ಮನೆ ಕೆಳಗಿಳಿಸಿದಳು.