ಹಿರಿಸೊಸೆಯ ಬೊಟ್ಟು

ಚಿಂತಾಮಣಿಯಲ್ಲಿ ನಮ್ಮ ಸ್ಟುಡಿಯೋ ಎಂದರೆ ಮನೆಯ ಮುಂದಿನ ಕೋಣೆ. ಅದರ ಹಿಂದೆ ಫೋಟೋ ತೊಳೆಯುವ ಕತ್ತಲೆ ಕೋಣೆ, ಅದಕ್ಕಂಟಿಕೊಂಡೇ ನನ್ನ ಅಡಿಗೆಮನೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಫೋಟೋ ತೆಗೆಯುವುದು, ತೊಳೆಯುವುದು ನನ್ನ ಗಂಡನ ಕೆಲಸ. ಬೊಟ್ಟಿಡುವುದು ನನ್ನ ಕೆಲಸ.

ನಗಬೇಡಿ, ಅದೂ ಕೆಲಸವೇ. ನಮಗೆ ಸಿಗುತ್ತಿದ್ದ ಫಿಲ್ಮಿನಲ್ಲಿ ಕುಂಕುಮದ ಕೆಂಪು ಮೂಡುತ್ತಲೇ ಇರಲಿಲ್ಲ, ಹಣೆಯ ಬಣ್ಣದಲ್ಲೇ ಸೇರಿಹೋಗುತ್ತಿತ್ತು. ಕಾಸಗಲ ಕುಂಕುಮ ಇಟ್ಟುಕೊಂಡು ಬಂದು ಕೂತ ಮುತ್ತೈದೆ ಫೋಟೋದಲ್ಲಿ ಬೋಳು ಹಣೆಯಲ್ಲಿ ಕಂಡರೆ ಯಾರು ತಾನೇ ಸುಮ್ಮನಿರುತ್ತಾರೆ? ಹಾಗಾಗಿ ಫೋಟೋ ಒಣಗಿದ ಮೇಲೆ ಸಣ್ಣ ಕುಂಚ ಹಿಡಿದು ಒಬ್ಬೊಬ್ಬ ಹೆಂಗಸಿನ ಹಣೆಗೂ ನಾನು ಕಪ್ಪು ಚುಕ್ಕೆ ಇಡುತ್ತಿದ್ದೆ. ಒಲೆಯ ಮೇಲೆ ಎಸರು ಕುದಿಯುವಷ್ಟರಲ್ಲಿ ಹತ್ತು ಹಣೆ ಮುಗಿಸುತ್ತೇನೆಂಬ ಜಂಬ ಬೇರೆ. "ಊರ ಹೆಂಗಸರಿಗೆಲ್ಲ ಮುತ್ತೈದೆತನ ಕೊಡೋಳು ನೀನೇ ಕಣೇ" ಎಂದು ಗಂಡ ರೇಗಿಸುತ್ತಿದ್ದರು. ನನಗೆ ಅದು ಇಷ್ಟವೇ ಆಗುತ್ತಿತ್ತು.

ಒಮ್ಮೆ ಅವರು ಕ್ಯಾಮೆರಾ, ಸ್ಟ್ಯಾಂಡು ಬಸ್ಸಿನಲ್ಲಿ ಹಾಕಿಕೊಂಡು ಕೈವಾರದ ಕಡೆಯ ಹಳ್ಳಿಗೆ ಹೋಗಿ ಒಂದು ರೈತರ ಮನೆಯವರ ಫೋಟೋ ತೆಗೆದು ತಂದರು. ಕಿರಿಮಗನ ಮದುವೆಯಾಗಿತ್ತು. ಕುರ್ಚಿಗಳಲ್ಲಿ ಯಜಮಾನ, ಯಜಮಾನಿ. ಹಿಂದೆ ಹೊಸ ಜೋಡಿ. ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹಿರಿಸೊಸೆ. ಅವಳು ಕತ್ತಿನವರೆಗೂ ಸೆರಗು ಹೊದ್ದಿದ್ದಳು, ಕೈಗಳು ಮಗುವಿನ ಅಂಗಿಯ ಹಿಂದೆ ಮರೆಯಾಗಿದ್ದವು. ಇವಳ ಗಂಡ ಎಲ್ಲಿ ಎಂದು ಒಂದು ಗಳಿಗೆ ಹುಡುಕಿದ್ದರೆ ಸಾಕಿತ್ತು. ನಾನು ಹುಡುಕಲಿಲ್ಲ. ಮೂರು ಹೆಂಗಸರು, ಮೂರು ಚುಕ್ಕೆ, ಮುಗಿಯಿತು. ನನ್ನ ಗಂಡನೂ ಗಡಿಬಿಡಿಯಲ್ಲಿ ಗಾಜಿನ ಕಟ್ಟು ಹಾಕಿಸಿ ಕಳಿಸಿಬಿಟ್ಟರು.

ಹದಿನೈದು ದಿನ ಕಳೆದ ಮೇಲೆ ಆ ಮನೆಯ ಯಜಮಾನಿಯೇ ಬಂದರು. ಕಟ್ಟು ಬಿಚ್ಚಿದ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದರು.

"ಏಮಮ್ಮಾ, ಈ ಬೊಟ್ಟು ಇಟ್ಟೋರು ಯಾರು?"

"ನಾನೇ."

"ನನ್ನ ಹಿರೀ ಸೊಸೆ ಏನಾದ್ರೂ ಹೇಳಿ ಇಡಿಸ್ಕೊಂಡ್ಳಾ? ನಿಜ ಹೇಳು ತಾಯಿ."

ಹಿರಿಮಗ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಒಲ್ಲೆನೆಂದ ಸೊಸೆಯನ್ನು ಇವರೇ ಕೈಹಿಡಿದು ತಂದು ಫೋಟೋಗೆ ಕೂರಿಸಿದ್ದರಂತೆ. ಹೊಸ ಬೀಗರು ಗೋಡೆಯ ಮೇಲಿನ ಫೋಟೋ ನೋಡಿ, ಗಂಡನನ್ನು ಕಳೆದುಕೊಂಡವಳಿಗೆ ಇನ್ನೂ ಬೊಟ್ಟಿನ ಆಸೆ ನೋಡಿ ಎಂದು ಅವಳ ಎದುರಿಗೇ ಆಡಿಕೊಂಡಿದ್ದರು. ನಾಲ್ಕು ದಿನದಿಂದ ಆ ಹುಡುಗಿ ಒಳಕೋಣೆ ಬಿಟ್ಟು ಹೊರಗೆ ಬಂದಿಲ್ಲ.

ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಫಿಲ್ಮಿನ ವಿಷಯ, ನನ್ನ ಕುಂಚದ ವಿಷಯ ಎಲ್ಲ ಹೇಳಿ, "ನಾನೇ ಬಂದು ಎಲ್ಲರೆದುರಿಗೆ ಒಪ್ಕೊಳ್ತೀನಿ" ಎಂದೆ.

"ನೀನು ಬಂದ್ರೆ, ನಾವೇ ಹೇಳ್ಕೊಟ್ಟು ಕರ್ಕೊಂಡು ಬಂದ್ವಿ ಅಂತಾರೆ. ಬಿಡು. ಒರೆಸ್ಕೊಂಡು ಬಾ ಅಂತ ನಮ್ಮ ಯಜಮಾನ್ರು ಹೇಳವ್ರೆ."

ಹತ್ತಿ ಒದ್ದೆ ಮಾಡಿಕೊಂಡು ಬಂದೆ. ಇನ್ನೇನು ಹಣೆಗೆ ಒತ್ತಬೇಕು, ಅವರು ನನ್ನ ಕೈ ಹಿಡಿದುಕೊಂಡರು.

"ತಡಿಯಮ್ಮ. ಇದನ್ನ ಒರೆಸಿದ್ರೆ ಇಷ್ಟು ಜನದಾಗೆ ಅವಳ್ದೊಂದೇ ಹಣೆ ಬೋಳು ಕಾಣ್ತದೆ. ಆ ಹುಡುಗಿ ದಿನಾ ಗೋಡೆ ಮೇಲೆ ಅದನ್ನೇ ನೋಡ್ಬೇಕಾ? ಇನ್ನೊಂದು ಫೋಟೋ ಹಾಕ್ಸು. ಯಾರಿಗೂ ಬೊಟ್ಟಿಡಬೇಡ."

"ಯಾರಿಗೂ ಅಂದ್ರೆ... ನಿಮಗೂ?"

"ನನಗೂ ಕಣಮ್ಮ. ಕೇಳಿದೋರಿಗೆ, ಫೋಟೋದಾಗೆ ಕುಂಕುಮ ಬರಲ್ವಂತೆ ಅಂತೀನಿ. ಸುಳ್ಳಲ್ವಲ್ಲ?"

ಗಂಡ ಗಟ್ಟಿಮುಟ್ಟಾಗಿರುವ ಹೆಂಗಸು ತನ್ನ ಬಾಯಲ್ಲೇ ಆಡಿದ ಮಾತು ಅದು. ನನಗಾಗಿದ್ದರೆ ಆ ಧೈರ್ಯ ಬರುತ್ತಿರಲಿಲ್ಲ. ನನ್ನ ಕೈ ನನ್ನ ಹಣೆಗೇ ಹೋಗಿತ್ತು.

ನನ್ನ ಗಂಡ ಆಗಲೇ ಕತ್ತಲೆ ಕೋಣೆಗೆ ಹೋಗಿ ಇನ್ನೊಂದು ಪ್ರತಿ ತೆಗೆದರು. ಅದು ಒಣಗುವಷ್ಟರಲ್ಲಿ ಯಜಮಾನಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದೆ. ಉಪ್ಪು ಸಾಲದೆಂದು ಕೇಳಿ ಹಾಕಿಸಿಕೊಂಡರು. ಹೊಸ ಫೋಟೋವನ್ನು ಕಾಗದದಲ್ಲಿ ಸುತ್ತಿಕೊಟ್ಟು, ಹಳೆಯದನ್ನು ಹರಿದುಹಾಕಲು ಎತ್ತಿಕೊಂಡೆ. ಅವರು ಥಟ್ಟನೆ ಕಿತ್ತುಕೊಂಡರು.

"ಮಗ ಹೋದ್ಮೇಲೆ ಅವಳು ಬಾಯಿಬಿಟ್ಟು ಒಂದೂ ಕೇಳಿರ್ಲಿಲ್ಲ. ಬೆಳಗ್ಗೆ ನಾನು ಹೊರಡೋವಾಗ, ಅತ್ತೇ, ಬೊಟ್ಟು ಒರೆಸಿಸ್ಬೇಡಿ, ಹಂಗೇ ಪೆಟ್ಟಿಗೇಲಿ ಇಟ್ಕೊಳ್ತೀನಿ ಅಂದ್ಲು."

ಗೋಡೆ ಕಡೆ ತಿರುಗಿ ಆ ಫೋಟೋವನ್ನು ಸೀರೆಯೊಳಗೆ ಹೊಟ್ಟೆಗೆ ಅವುಚಿ ಸಿಕ್ಕಿಸಿಕೊಂಡರು. ಮೇಲೆ ಸೆರಗು ಎಳೆದುಕೊಂಡು ನನ್ನ ಮುಂದೆ ಒಂದು ಸುತ್ತು ತಿರುಗಿ ನಿಂತರು.

"ನೋಡಮ್ಮ, ಕಾಣ್ತದಾ? ಪೇಟೆ ಮಂಡಿ ಹತ್ರ ನಮ್ಮ ಯಜಮಾನ್ರು ಕಾಯ್ತಾವ್ರೆ."

"ಏನೂ ಕಾಣಲ್ಲಮ್ಮ, ಹೋಗ್ಬನ್ನಿ" ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ತಡೆಯಲಾಗಲಿಲ್ಲ.